ಪಾಯಿಂಟಿಗಾಗಿ ಪ್ರವಾಸವೇ?

ರಜೆ ಬಂತೆಂದರೆ ಮಕ್ಕಳಿಗೆ ಆಟದ ಪಾರ್ಕಿನ ಪಕ್ಕದಲ್ಲೇ ಹೋಟೆಲು ಬೇಕು. ಹೋಟೆಲಿನವರೋ, 'ನಮ್ಮಲ್ಲೇ ಉಳಿಯಿರಿ, ಪಾಯಿಂಟು ಕೊಡುತ್ತೇವೆ' ಅನ್ನುತ್ತಾರೆ. ನಡುವೆ ಜೇಬು ಮುಟ್ಟಿ ನೋಡಿಕೊಳ್ಳುವವರು ನೀವು!

ಈ ಬಾರಿ ವಿಶಾಖಪಟ್ಟಣಕ್ಕೆ ಹೊರಟಿದ್ದೀರಾ? ಅಲ್ಲಿ ಕಡಲತೀರವೇ ಆಟದ ಪಾರ್ಕು. ಬೀಚ್ ರಸ್ತೆಯ ನೊವೊಟೆಲ್‌ನಲ್ಲಿ ಇಳಿದುಕೊಂಡರೆ ಎದುರಿಗೇ ಸಮುದ್ರ. 2002ರಲ್ಲಿ ಸಂಗ್ರಹಾಲಯವಾದ 'ಕುರ್ಸುರ' ಜಲಾಂತರ್ಗಾಮಿ ಅದೇ ತೀರದಲ್ಲಿದೆ. ಮಕ್ಕಳು ಅದರ ಹೊಟ್ಟೆಯೊಳಗೇ ನಡೆದಾಡಬಹುದು. ಸಂಜೆಗೆ ಕೈಲಾಸಗಿರಿ ಬೆಟ್ಟ ಇದ್ದೇ ಇದೆ. ಅಲ್ಲಿಂದ ರೈಲು ಹತ್ತಿ ಸುಮಾರು 350 ಕಿ.ಮೀ. ದೂರದ ವಿಜಯವಾಡಕ್ಕೆ ಬಂದರೆ ಕನಕದುರ್ಗಮ್ಮನ ಗುಡಿ, ಪ್ರಕಾಶಂ ಬ್ಯಾರೇಜು, ಉಂಡವಲ್ಲಿ ಗುಹೆಗಳು. ಅಲ್ಲೂ ಒಂದು ನೊವೊಟೆಲ್ ಇದೆ. ಎರಡೂ ಅಕಾರ್ ಬಳಗದವು, ಹಾಗಾಗಿ ಪಾಯಿಂಟು ಒಂದೇ ಖಾತೆಗೆ ಜಮೆ.

ಈಗ ಲೆಕ್ಕಕ್ಕೆ ಬರೋಣ. ಹೊಸ ಸದಸ್ಯರಿಗೆ ತೆರಿಗೆ ಬಿಟ್ಟು 10 ಯೂರೋ ಖರ್ಚಿಗೆ 25 ಪಾಯಿಂಟು. 2,000 ಪಾಯಿಂಟು ಕೂಡಿದರೆ ಬಿಲ್ಲಿನಲ್ಲಿ 40 ಯೂರೋ ರಿಯಾಯಿತಿ. ಅಂದರೆ 800 ಯೂರೋ ಖರ್ಚಿಗೆ 40, ನೂರಕ್ಕೆ ಐದು. ಆ ಐದರ ಆಸೆಗೆ ನೂರಕ್ಕೆ ಇಪ್ಪತ್ತು ದುಬಾರಿ ಕೋಣೆ ಹಿಡಿದರೆ ಲಾಭ ಯಾರಿಗೆ, ನೀವೇ ಹೇಳಿ.

ಇನ್ನೆರಡು ಮಾತು. ಕೋಣೆಯನ್ನು ನೇರವಾಗಿ ಹೋಟೆಲಿನಲ್ಲೇ ಕಾದಿರಿಸಿ. ಬೇರೆ ಬುಕಿಂಗ್ ವೆಬ್‌ಸೈಟುಗಳ ಮೂಲಕ ಹೋದರೆ ಸಾಮಾನ್ಯವಾಗಿ ಪಾಯಿಂಟು ಸಿಗದು. ವರ್ಷವಿಡೀ ಆ ಬಳಗದ ಯಾವ ಹೋಟೆಲಿನಲ್ಲೂ ತಂಗದಿದ್ದರೆ ಕೂಡಿಟ್ಟದ್ದೂ ಕರಗುತ್ತದೆ.

ಹಾಗಾಗಿ ಮೊದಲು ಊರು ಆರಿಸಿ, ಆಮೇಲೆ ಕೋಣೆ. ಪಾಯಿಂಟು ಊಟದ ಕೊನೆಯ ಬಾಳೆಹಣ್ಣಿನಂತೆ: ಸಿಕ್ಕರೆ ಸಂತೋಷ, ಅದಕ್ಕಾಗಿಯೇ ಯಾರೂ ಊಟಕ್ಕೆ ಕೂರುವುದಿಲ್ಲ. ಶುಭ ಪ್ರಯಾಣ, ಮತ್ತೆ ಸಿಗೋಣ.