ಎರಡು ಸೊನ್ನೆಗಳು

ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ಕೇಳುಗರದ್ದು ಒಂದೇ ಅಳಲು: "ಪಹಣಿಯಿಂದ ಇಳಿಸಿಕೊಂಡ ಸಾಲಿನಲ್ಲಿ ಅಂಕಿ ಹೆಕ್ಕಲು ಜಾವಾಸ್ಕ್ರಿಪ್ಟ್‌ನಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಶನ್ ಬರೆದೆವು. ಕೆಲವು ಸಾಲಿಗೆ ಸರಿಯಾಗಿ ಬರುತ್ತದೆ, ಕೆಲವಕ್ಕೆ ಬರೀ ನಲ್."

ಬ್ಯಾಕ್‌ಸ್ಲ್ಯಾಶ್ ಡಿ ಪ್ಲಸ್ ನಿಮಗೆ ಗೊತ್ತೇ ಇದೆ. ಆದರೆ ಜಾವಾಸ್ಕ್ರಿಪ್ಟ್‌ನ ಆ ಡಿಗೆ ಗೊತ್ತಿರುವುದು ಇಂಗ್ಲಿಷ್ ಕೀಲಿಮಣೆಯ ಹತ್ತು ಅಂಕಿ ಮಾತ್ರ. ಪೈಥಾನ್‌ನ ಡಿ ಕನ್ನಡ ಅಂಕಿಯನ್ನೂ ಹಿಡಿಯುತ್ತದೆ, ಇದು ಹಿಡಿಯುವುದಿಲ್ಲ. ಚೌಕ ಕಂಸದೊಳಗೆ ಕನ್ನಡದ ೦ಯಿಂದ ೯ರವರೆಗೆ ಎಂದು ನೀವೇ ಬರೆಯಬೇಕು. ಸಿಕ್ಕಿದ್ದನ್ನು ಹಾಗೇ ನಂಬರ್ ಫಂಕ್ಷನ್ನಿಗೆ ಕೊಟ್ಟರೆ ಎನ್‌ಎಎನ್ ಎಂದೀತು. ಒಂದೊಂದು ಅಂಕಿಯ ಯೂನಿಕೋಡ್ ಸಂಖ್ಯೆಯಿಂದಲೂ 3302 ಕಳೆಯಿರಿ. "ಪಾರ್ಸ್‌ಇಂಟ್ ಇದ್ದರೆ ಸಾಕು ಬಿಡಿ" ಅನ್ನುವವರು ಅದಕ್ಕೆ 1,25,000 ಕೊಟ್ಟು ನೋಡಲಿ. ಕೈಗೆ ಬರುವುದು ಒಂದೇ ರೂಪಾಯಿ.

ನನಗೆ ಮುಖ್ಯವಾಗಿ ಹೇಳಬೇಕಿರುವುದು ಬೇರೆ. ಕ ಅಕ್ಷರಕ್ಕೆ ಸೊನ್ನೆ ಕೊಟ್ಟರೆ ಕಂ ಅಂತ ಶಾಲೆಯಲ್ಲಿ ಕಲಿತೆವಲ್ಲ, ಆ ಸೊನ್ನೆ ಅನುಸ್ವಾರ. ಅದರ ಸಂಖ್ಯೆ 3202. ಲೆಕ್ಕದ ಸೊನ್ನೆಯದು 3302. ಪರದೆಯ ಮೇಲೆ ಅಣ್ಣ ತಮ್ಮಂದಿರ ಹಾಗಿದ್ದರೂ ನಡುವೆ ನೂರರ ಅಂತರ. ಹತ್ತು ಎಂದು ಬರೆಯುವಾಗ ಒಂದರ ಪಕ್ಕದಲ್ಲಿ ಅನುಸ್ವಾರ ಒತ್ತುವವರು ಬೇಕಾದಷ್ಟು ಜನ. ಪರಿಚಯದ ರೇಷ್ಮೆ ಬೆಳೆಗಾರರೊಬ್ಬರಿಗೆ ನಾನು ಬರೆದುಕೊಟ್ಟ ಕೋಡು ಅವರ ಹತ್ತು ಗುಂಟೆ ಹಿಪ್ಪುನೇರಳೆಯನ್ನು ಒಂದು ಗುಂಟೆ ಮಾಡಿಟ್ಟಿತು. ಎರಡು ರಾತ್ರಿ ಕೋಡನ್ನೇ ತಿದ್ದಿದೆ. ಕೋಡು ಸರಿಯಾಗಿಯೇ ಇತ್ತು, ಅದಕ್ಕೆ ಅಲ್ಲಿ ಸೊನ್ನೆಯೇ ಕಂಡಿರಲಿಲ್ಲ! ಮತ್ತೆ ಹೇಳುತ್ತೇನೆ: ಕಣ್ಣಿಗೆ ಸೊನ್ನೆ, ಯಂತ್ರಕ್ಕೆ ಅನುಸ್ವಾರ. ಎರರ್ ಬರುವುದಿಲ್ಲ, ತಪ್ಪು ಉತ್ತರ ಬರುತ್ತದೆ, ಅಷ್ಟೇ.

ಅಂಕಿಗೆ ಅನುಸ್ವಾರ ಹತ್ತುವ ಪದ್ಧತಿ ಕನ್ನಡದಲ್ಲಿ ಇಲ್ಲ. ಹಾಗಾಗಿ ಅಂಕಿಯ ಬೆನ್ನಿಗೆ ಬಂದ ಅನುಸ್ವಾರಗಳನ್ನೆಲ್ಲ ಮೊದಲು ಸೊನ್ನೆ ಮಾಡಿ, ಆಮೇಲೆ ಹುಡುಕಿ. ಎಲ್ಲ ಅಂದರೆ ಎಲ್ಲ; ಒಂದನ್ನೇ ಬದಲಿಸಿದರೆ ನೂರು ಹೋಗಿ ಹತ್ತಾಗುತ್ತದೆ.

ಸಮಯ ಮುಗಿಯುತ್ತಾ ಬಂತು. ಅಡ್ಡಗೆರೆಯ ಬಗ್ಗೆ ಕೇಳಿದವರಿಗೆ ಒಂದೇ ಮಾತು: 2-10 ಎಂದಿದ್ದಾಗ ಮೈನಸ್ ಹತ್ತು ಎಂದು ಹಿಡಿಯುವ ಪ್ಯಾಟರ್ನನ್ನು ಕಿತ್ತುಹಾಕಿ. ಅದು ಎರಡು ಎಕರೆ ಹತ್ತು ಗುಂಟೆ. ಎಕರೆಗೆ 40 ಗುಂಟೆ, ಅಂದರೆ ಎರಡೂಕಾಲು ಎಕರೆ.