ಉಳಿದ ಮರ, ಮುಚ್ಚಳದ ಭರಣಿ

(ನಮ್ಮ ಉಚಿತ ವಾಚನಾಲಯದ ರವಿವಾರದ ಕೂಟದಲ್ಲಿ ಮಾಡಿದ ಭಾಷಣ)



ಈ ವಾಚನಾಲಯದ ಕಪಾಟಿನ ಕೀಲಿಕೈ ಕಾಯುವವರು ನಾವು. ವೇದಿಕೆಯ ಮೇಲೆ ನಿಂತು ಮಾತನಾಡುವ ರೂಢಿ ನಮಗಿಲ್ಲ. ಗಿರಣಿಯ ಕಚೇರಿಯಲ್ಲಿ ದಿನವೆಲ್ಲ ಅಂಕಿ ಕೂಡಿಸಿ ಕಳೆಯುವ ಗುಮಾಸ್ತಿಕೆ ನಮ್ಮದು. ಮೆಟ್ರಿಕ್ಕಿನಿಂದಾಚೆಗೆ ಓದಿದ್ದೇನಿದ್ದರೂ ಈ ಕಪಾಟಿನ ಪುಸ್ತಕಗಳನ್ನೇ. "ನೀವು ರವಿವಾರ ಕಡೆಯುವ ಭರಣಿಗಳ ವಿಷಯ ನಾಲ್ಕು ಮಾತು ಹೇಳಿರಿ" ಎಂದು ಕಾರ್ಯದರ್ಶಿಗಳು ಬಿಡದೆ ಕೇಳಿದ್ದರಿಂದ ಎದ್ದು ನಿಂತಿದ್ದೇವೆ. ಈ ಮೇಜಿನ ಮೇಲೆ ಏಳು ಭರಣಿಗಳಿವೆ. ಒಂದರ ಅಂಚು ಸೀಳಿದೆ. ಅದನ್ನು ಬೇಕೆಂದೇ ತಂದಿದ್ದೇವೆ.

ಅಂಬರನಾಥವೆಂದರೆ ಜನಕ್ಕೆ 1060ರ ಶಿವಾಲಯದ ಕಲ್ಲಿನ ಕೆಲಸ ನೆನಪಾಗುತ್ತದೆ. ಆದರೆ ಮರದ ಕೆಲಸವೂ ಈ ಊರಿಗೆ ಹೊಸದಲ್ಲ. ವಿಮ್ಕೋ ಕಂಪನಿಯ ಬೆಂಕಿಪೆಟ್ಟಿಗೆಯ ಕಾರ್ಖಾನೆ ಹಲವು ದಶಕ ಇಲ್ಲಿ ನಡೆಯಿತು. ಬೆಂಕಿಕಡ್ಡಿ ಆಗುವ ಬಗೆಯನ್ನು ಸ್ವಲ್ಪ ಆಲೋಚಿಸಿರಿ. ದಿಮ್ಮಿಯನ್ನು ಯಂತ್ರಕ್ಕೆ ಸಿಕ್ಕಿಸಿ ತಿರುಗಿಸುತ್ತಾರೆ. ಉದ್ದನೆಯ ಅಲಗು ಅದಕ್ಕೆ ತಗುಲಿದಾಗ, ಸುತ್ತಿಟ್ಟ ಚಾಪೆ ಬಿಚ್ಚಿದಂತೆ ಮರ ತೆಳುವಾದ ಹಾಳೆಯಾಗಿ ಸುಲಿದು ಬರುತ್ತದೆ. ಆ ಹಾಳೆಯನ್ನು ಸಿಗಿದರೆ ಕಡ್ಡಿ. ಅಲಗಿಗೆ ಸಿಗದ ನಡುಗೊರಡೊಂದು ಕೊನೆಗೆ ಉಳಿಯುತ್ತದೆ. ತಿರುಗುವ ಮರಕ್ಕೆ ಉಳಿ ಹಿಡಿಯುವ ಕಡಸಲು ಕೆಲಸವೂ ಇದರ ತಮ್ಮನೇ ಸರಿ.

ಇಂದು ನಮಗೆ ಸಿಗುವ ಉಳಿಕೆ ಬೇರೆ ತರಹದ್ದು. ಪಕ್ಕದ ಉಲ್ಲಾಸನಗರದ ಫರ್ನಿಚರ್ ಅಂಗಡಿಗಳಲ್ಲಿ ಮಂಚದ ಕಾಲು, ಕುರ್ಚಿಯ ಕೈ ಕೊಯ್ದು ಮಿಕ್ಕ ಗೇಣುದ್ದದ ತುಂಡುಗಳಿರುತ್ತವೆ. ಹಳೆಯ ಚಾಳು ಕೆಡವಿದಾಗ ಸಾಗುವಾನಿಯ ಚೌಕಟ್ಟುಗಳು ಬೀಳುತ್ತವೆ. ಇವು ಬಿಸಿನೀರಿನ ಒಲೆಗೆ ಹೋಗುವ ಸರಕು. ಇದರಿಂದ ಏನಾದರೂ ಮಾಡೋಣವೆಂದಾಗ ನಮ್ಮ ಕಣ್ಣಿಗೆ ಬಂದದ್ದು ಕುಂಕುಮದ ಭರಣಿ. ನಮ್ಮಲ್ಲಿ ಯಾರ ಮನೆಯಲ್ಲಿ ಅದಿರಲಿಲ್ಲ? ಕೆಲವರು ಕರಡಿಗೆ ಎನ್ನುತ್ತಾರೆ, ಕರಾವಳಿಯವರು ಉಪ್ಪು ತುಂಬುವ ಮರಿಗೆಯ ನೆನಪು ತೆಗೆಯುತ್ತಾರೆ, ಧಾರವಾಡದ ಕಡೆಯವರು ಕಲಘಟಗಿಯ ಬಣ್ಣದ ತೊಟ್ಟಿಲಿನ ಮಾತು ತೆಗೆದು ಅರ್ಧ ಗಂಟೆ ನಿಲ್ಲಿಸುವುದಿಲ್ಲ.

ಸದಸ್ಯರೊಬ್ಬರ ಷೆಡ್ಡಿನಲ್ಲಿ ಅರ್ಧ ಅಶ್ವಶಕ್ತಿಯ ಮೋಟಾರಿನ ಹಳೆಯ ಲೇತು ಇತ್ತು. ಒಂದು ಬೇಸಗೆಯಲ್ಲಿ ಹನ್ನೆರಡು ಭರಣಿ ಕಡೆದೆವು. ಮಾವಿನ ಮರದ ಒಡಲು, ಅಂದಕ್ಕೆಂದು ಸಾಗುವಾನಿಯ ಮುಚ್ಚಳ. ಮುಚ್ಚಳ ಎತ್ತಿದರೆ ಬಾಟಲಿಯ ಬಿರಡೆ ಕಿತ್ತಂತೆ "ಟಪ್" ಎಂದು ಸದ್ದು ಬರಬೇಕು, ಅಷ್ಟು ಬಿಗಿ. ಆ ಸದ್ದಿಗೆ ನಾವೇ ಹಿಗ್ಗಿದೆವು. ಒಂದನ್ನು ನಮ್ಮ ಚಾಳಿನ, ಕಲಬುರ್ಗಿ ಕಡೆಯ ಅವ್ವನಿಗೆ ಕೊಟ್ಟೆವು. ಮೊಮ್ಮಗಳು ಮದುವೆಯಾದ ಮೊದಲ ಶ್ರಾವಣ. ಉಡಿ ತುಂಬಲು ಹೊಸ ಭರಣಿಯೇ ಇರಲೆಂದು ಅವ್ವ ತೆಗೆದಿಟ್ಟಿದ್ದಳು.

ಜುಲೈ ತಿಂಗಳ ಅಂಬರನಾಥದ ಮಳೆ ತಮಗೆ ಗೊತ್ತೇ ಇದೆ. ಗೋಡೆಯೂ ಬೆವರುತ್ತದೆ. ಶ್ರಾವಣದ ಶುಕ್ರವಾರ ಸಂಜೆ ಅವ್ವ ನಮ್ಮ ಬಾಗಿಲಿಗೆ ಬಂದಳು. "ಏನ್ರಪ್ಪಾ, ನೀವು ಕೊಟ್ಟ ಭರಣಿ ಕೀಲಿ ಹಾಕ್ಕೊಂಡು ಕುಂತದ. ಕೀಲಿಕೈ ಯಾರ ಹತ್ರ ಅದ?" ಎಂದಳು. ನಾವೂ ನಕ್ಕೆವು. ಹೋಗಿ ನೋಡಿದರೆ ಮುಚ್ಚಳ ಅಲುಗಲೊಲ್ಲದು. ಮನೆ ತುಂಬ ಮುತ್ತೈದೆಯರು, ಮಣೆಯ ಮೇಲೆ ಕುಳಿತ ಹುಡುಗಿ. ಅವಸರದಲ್ಲಿ ನಮ್ಮಲ್ಲೊಬ್ಬರು ಸಂದಿನಲ್ಲಿ ಚಾಕು ಇಟ್ಟು ಮೀಟಿದರು. ಅಂಚು ಸೀಳಿತು, ಕುಂಕುಮವೆಲ್ಲ ನೆಲಕ್ಕೆ ಚೆಲ್ಲಿತು. ಯಾರೂ ಮಾತಾಡಲಿಲ್ಲ. ಅವ್ವ ಒಳಗಿನಿಂದ ಸ್ಟೀಲಿನ ಡಬ್ಬಿ ತಂದು ಕೆಲಸ ಮುಗಿಸಿದಳು. ನಮ್ಮನ್ನು ಒಂದು ಮಾತೂ ಬಯ್ಯಲಿಲ್ಲ, ಅದೇ ಹೆಚ್ಚು ನೋಯಿಸಿತು. ಆ ಭರಣಿಯೇ ಇದು.

ತಪ್ಪು ಎಲ್ಲಿ? ಮರ ಕಡಿದ ಮೇಲೂ ನೀರನ್ನು ಹೀರುತ್ತದೆ, ಬಿಡುತ್ತದೆ. ನೀರು ಹೀರಿದಾಗ ಉಬ್ಬುತ್ತದೆ, ಬಿಟ್ಟಾಗ ಕುಗ್ಗುತ್ತದೆ. ಎಲ್ಲ ಕಡೆಗೂ ಒಂದೇ ಸಮನಾಗಿ ಅಲ್ಲ. ಉದ್ದಕ್ಕೆ ಇಲ್ಲವೆನ್ನುವಷ್ಟು ಕಡಮೆ. ತಿರುಳಿನಿಂದ ತೊಗಟೆಯ ಕಡೆಗೆ ಸ್ವಲ್ಪ. ವರ್ಷದ ಉಂಗುರಗಳ ಗುಂಟ ಸುಮಾರು ಅದರ ಎರಡು ಪಟ್ಟು. ಆದಕಾರಣ ಹಸಿ ಮರದಲ್ಲಿ ದುಂಡಗೆ ಕಡೆದದ್ದು ಒಣಗಿದಾಗ ಕೋಳಿಮೊಟ್ಟೆಯಂತಾಗುತ್ತದೆ. ಮರ ಮರಕ್ಕೂ ಭೇದವುಂಟು. ಸಾಗುವಾನಿ ಅಲುಗುವುದು ಕಡಮೆ, ಬಾಗಿಲು ಕಿಟಕಿಗೆ ಅದನ್ನು ಮೆಚ್ಚುವುದೂ ಅದಕ್ಕೇ. ನಾವು ಮಳೆಗೆ ಉಬ್ಬುವ ಮಾವಿನ ಕಂಠದ ಮೇಲೆ ಉಬ್ಬದ ಸಾಗುವಾನಿಯ ಟೊಪ್ಪಿಗೆ ತೊಡಿಸಿದ್ದೆವು. ಕೂದಲೆಳೆಯಷ್ಟೂ ಜಾಗ ಬಿಟ್ಟಿರಲಿಲ್ಲ.

ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ನಾವಿಬ್ಬರು ಚನ್ನಪಟ್ಟಣದಲ್ಲಿ ಇಳಿದೆವು. ಬೆಂಗಳೂರಿನಿಂದ ಮೈಸೂರಿನ ದಾರಿಯಲ್ಲಿ ಸುಮಾರು 60 ಕಿಲೋಮೀಟರು. ಬೊಂಬೆಗಳ ಊರೆಂದು ಎಲ್ಲರೂ ಬಲ್ಲರು, ಭರಣಿಗಳೂ ಅಲ್ಲಿ ಹೇರಳ. ಅಲ್ಲಿಯವರು ಬಹುಕಾಲದಿಂದ ಮೆಚ್ಚಿದ್ದು ಆಲೆ ಮರ, ಹಾಲೆ ಎಂದೂ ಅನ್ನುತ್ತಾರೆ. ಆಲದ ಮರವಲ್ಲ, ಗೊಂದಲ ಬೇಡ. ದಂತದಂತೆ ಬಿಳುಪು, ಎಳೆ ನುಣುಪು. ತೊಗಟೆ ಸುಲಿದು ಎರಡು ಮೂರು ತಿಂಗಳು ಒಣಗಿಸಿದ ಮೇಲೆಯೇ ಲೇತಿಗೆ. ಈಗ ಆಲೆ ಸಾಕಷ್ಟು ಸಿಗದೆ ರಬ್ಬರ್ ಮರವನ್ನೂ ಬಳಸುತ್ತಾರೆ. ಹಾಲು ಕೊಟ್ಟು ಮುಗಿದು, ತೋಟದವರು ಕಡಿದು ಹಾಕುವ ಮರ ಅದು. ಒಂದು ಲೆಕ್ಕದಲ್ಲಿ ಅದೂ ಉಳಿಕೆಯೇ.

ವಯಸ್ಸಾದ ಕುಶಲಿಗರೊಬ್ಬರ ಕೈಗೆ ನಮ್ಮ ಭರಣಿ ಕೊಟ್ಟೆವು. ಅವರು ಬಣ್ಣ ನೋಡಲಿಲ್ಲ, ಆಕಾರ ನೋಡಲಿಲ್ಲ. ಮುಚ್ಚಳ ಹಿಡಿದು ಎತ್ತಿದರು, ಭರಣಿ ಪೂರ್ತಿ ಮೇಲೆದ್ದು ಬಂತು. "ಏನು ಸ್ವಾಮಿ, ಇದು ಮುಚ್ಚಳವೋ ಬೆಣೆಯೋ?" ಎಂದು ಕೇಳಿ ತಮ್ಮದೊಂದನ್ನು ಕೊಟ್ಟರು. ಅದರ ಮುಚ್ಚಳ ಎರಡು ಬೆರಳಿಗೆ ಬಂತು, ಭರಣಿ ನೆಲದಲ್ಲೇ ನಿಂತಿತ್ತು. ಮುಚ್ಚಿ ಅಲ್ಲಾಡಿಸಿದರೆ ಸದ್ದಿಲ್ಲ.

ಅವರಿಂದ ಕಂಡದ್ದು, ಆಮೇಲೆ ನಾವು ಕೆಡಿಸಿ ಕೆಡಿಸಿ ಕಲಿತದ್ದು, ಎರಡನ್ನೂ ಸೇರಿಸಿ ಹೇಳುತ್ತೇವೆ. ಒಡಲು, ಮುಚ್ಚಳ ಎರಡೂ ಒಂದೇ ತುಂಡಿನಿಂದ ಬರಬೇಕು. ಕೊಯ್ಯುವ ಮೊದಲು ಪಕ್ಕದಲ್ಲಿ ಉದ್ದಕ್ಕೆ ಒಂದು ಪೆನ್ಸಿಲ್ ಗೆರೆ ಎಳೆಯಿರಿ; ಕೊನೆಗೆ ಗೆರೆಗೆ ಗೆರೆ ಕೂಡಿಸಿದರೆ ಎಳೆಗೆ ಎಳೆ ಕೂಡುತ್ತದೆ, ಉಬ್ಬಿದರೂ ಎರಡೂ ಒಟ್ಟಿಗೆ ಉಬ್ಬುತ್ತವೆ. ನಡುತಿರುಳು ಇರುವ ತುಂಡು ಬೇಡ, ಸೀಳುತ್ತದೆ. ಮೊದಲು ದಪ್ಪಗೆ ಕಡೆದು, ಗೋಡೆಯನ್ನು ಅಗಲದ ಹತ್ತರಲ್ಲೊಂದು ಪಾಲಿನಷ್ಟು ಬಿಟ್ಟು, ಒಳಗೆ ಕೊರೆದು ಪಕ್ಕಕ್ಕಿಡಿ. ಇಲ್ಲಿ ನಮ್ಮ ಗುಮಾಸ್ತಿಕೆ ಉಪಯೋಗಕ್ಕೆ ಬಂತು. ಪ್ರತಿ ತುಂಡಿಗೂ ಒಂದು ನಂಬರು, ರವಿವಾರಕ್ಕೊಮ್ಮೆ ತೂಕ, ಖಾತೆಯಲ್ಲಿ ನಮೂದು. ವಾರ ವಾರಕ್ಕೆ ತೂಕ ಇಳಿಯುತ್ತದೆ, ಒಂದು ದಿನ ನಿಲ್ಲುತ್ತದೆ. ಅಂದೇ ಮರ ಆ ಋತುವಿನ ಗಾಳಿಗೆ ಹೊಂದಿತೆಂದು ತಿಳಿಯಬೇಕು. ಮಳೆ ಹಿಡಿದಾಗ ಅದೇ ತುಂಡು ಮತ್ತೆ ತೂಕ ಏರಿಸಿದ್ದನ್ನು ಖಾತೆಯಲ್ಲಿ ನೋಡಿದಾಗ, ಅವ್ವನ ಭರಣಿಗೆ ಆದದ್ದು ನಮ್ಮ ಕಣ್ಣಿಗೇ ಕಂಡಿತು.

ಎರಡನೆಯ ಬಾರಿ ಲೇತಿಗೆ ಹಾಕಿದಾಗ ಮುಚ್ಚಳ ಮೊದಲು, ಒಡಲು ಆಮೇಲೆ. ಮುಚ್ಚಳದ ಒಳಗಿನ ಗುಳಿಯನ್ನು ತಿದ್ದುವುದು ಕಷ್ಟ. ಕಂಠವನ್ನೋ, ಹೊರಗಿನಿಂದ ಇಷ್ಟಿಷ್ಟೇ ಸವೆಸಿ ಗುಳಿಗೆ ಹೊಂದಿಸಬಹುದು. ಬೇಸಗೆಯಲ್ಲಿ ಮಾಡಿದ್ದು ಸ್ವಲ್ಪ ಸಡಿಲವೇ ಇರಲಿ, ಮಳೆ ಅದನ್ನು ಬಿಗಿಮಾಡುತ್ತದೆ.

ಬಣ್ಣದ ವಿಷಯ ಬೇಗ ಮುಗಿಸುತ್ತೇವೆ. ಬಣ್ಣ ಕಲಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದರೆ ಉಜ್ಜಿದ ಬಿಸಿಗೆ ಅರಗು ಕರಗಿ ಹರಡುತ್ತದೆ. ಮೇಲೆ ಒಣಗರಿ ಒತ್ತಿದರೆ ಹೊಳಪು. ಕಂಠಕ್ಕೂ ಮುಚ್ಚಳದ ಒಳಗಂಚಿಗೂ ಅರಗು ತಾಗಿಸಬೇಡಿ, ಸೆಕೆಗೆ ಅಂಟಿಕೊಳ್ಳುತ್ತದೆ.

ಮರ ಆರಿಸುವ ವಿಷಯ ಮಾತ್ರ ಬೇಗ ಮುಗಿಸಲಾರೆವು. ನಮ್ಮದು ರಸಾಯನ ಕಾರ್ಖಾನೆಗಳ ಊರು. ಪೀಪಾಯಿ ಹೊತ್ತ ಮರದ ಹಲಗೆ, ಕಲೆ ಬಿದ್ದದ್ದು, ವಾಸನೆ ಹೊಡೆಯುವುದು ಬಿಟ್ಟಿ ಸಿಕ್ಕರೂ ಮುಟ್ಟಬೇಡಿ. ಪರದೇಶದ ಸರಕಿನ ಪೆಟ್ಟಿಗೆಗಳ ಮೇಲೆ ಮುದ್ರೆ ಇರುತ್ತದೆ. 2002ರಲ್ಲಿ ಒಪ್ಪಿದ ಅಂತರರಾಷ್ಟ್ರೀಯ ಕಟ್ಟಳೆ ಅದು. ಎಚ್.ಟಿ. ಎಂದಿದ್ದರೆ ಹುಳ ಸಾಯಲು ಬಿಸಿ ಕೊಟ್ಟ ಮರ. ಎಂ.ಬಿ. ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹೊಗೆ ಕೊಟ್ಟದ್ದು. ಅದನ್ನು ನಾವು ತರುವುದಿಲ್ಲ. ಹಳೆಯ ಚೌಕಟ್ಟಿನ ಬಣ್ಣದಲ್ಲಿ ಸೀಸ ಇರಬಹುದು, ಅದನ್ನು ಉಜ್ಜಿ ಧೂಳು ಮಾಡಿದರೆ ಮಕ್ಕಳಿರುವ ಮನೆಗೆ ಕೇಡು. ಲೇತಿನ ಮುಂದೆ ತೂಗಾಡುವ ತೋಳು, ಲುಂಗಿ, ಕೊರಳ ಸರ ಬೇಡ. ಕೈಚೀಲ ತೊಡುವುದೂ ತಪ್ಪು, ಯಂತ್ರ ಅದನ್ನು ಬೆರಳ ಸಮೇತ ಎಳೆಯುತ್ತದೆ. ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ ಇರಲೇಬೇಕು.

ಇನ್ನೊಂದು ಮಾತು ಹೇಳದೆ ಕೂಡಲಾರೆವು. ಕಳೆದ ದೀಪಾವಳಿಯ ಮುಂದೆ ಒಬ್ಬ ವ್ಯಾಪಾರಿ ಬಂದು ಇನ್ನೂರು ಭರಣಿ ಕೇಳಿದರು. ಬೆಲೆಯೂ ಒಳ್ಳೆಯದೇ. ಒಂದೇ ಕರಾರು: ತಳಕ್ಕೆ "ಚನ್ನಪಟ್ಟಣ" ಎಂಬ ಚೀಟಿ ಅಂಟಿಸಬೇಕು. ಆಗ ವಾಚನಾಲಯದ ಬಾಡಿಗೆ ಮೂರು ತಿಂಗಳು ಬಾಕಿ. "ಕನ್ನಡಿಗರ ಕೈಯ ಕೆಲಸ ತಾನೆ, ಚೀಟಿಯಿಂದ ಯಾರಿಗೆ ನಷ್ಟ?" ಎಂದು ನಮ್ಮಲ್ಲೇ ಕೆಲವರು ವಾದಿಸಿದರು. ನಷ್ಟ ಆ ಊರಿನವರಿಗೆ. ಅಲ್ಲಿಯ ಗೊಂಬೆಗಳ ಹೆಸರಿಗೆ 2005–06ರ ಸಾಲಿನ ಅರ್ಜಿಯ ಮೇಲೆ ಭೌಗೋಳಿಕ ಸೂಚಿಕೆ ದೊರೆತಿದೆ, ಆ ಹೆಸರಿನ ಮೇಲೆ ಬದುಕುವ ಮನೆಗಳಿವೆ. ನಮ್ಮ ತುಂಡು ಉಲ್ಲಾಸನಗರದ್ದು, ಕೈ ಅಂಬರನಾಥದ್ದು. ರಾತ್ರಿ ಹನ್ನೊಂದರವರೆಗೆ ವಾದ ನಡೆದು, ಕೊನೆಗೆ ಬೇಡವೆಂದು ಹೇಳಿ ಕಳಿಸಿದೆವು. ಬಾಡಿಗೆಯನ್ನು ತಲಾ ನೂರು ರೂಪಾಯಿ ಕೂಡಿಸಿ ಕಟ್ಟಿದೆವು. ನಾವು ಮಾಡಿದ್ದು ದಡ್ಡತನವೆನ್ನುವವರು ಈ ಸಭೆಯಲ್ಲೂ ಇದ್ದಾರೆ, ಚಹದ ಹೊತ್ತಿಗೆ ಮತ್ತೆ ಜಗಳವಾಡಲು ಅವರಿಗೆ ಅಡ್ಡಿಯಿಲ್ಲ. ಈಗ ಭರಣಿಗಳ ತಳಕ್ಕೆ ಅಂಬರನಾಥವೆಂದೇ ಬರೆದು, ಬೇಕಾದವರಿಗೆ ಕೊಡುತ್ತೇವೆ. ತಿಂಗಳಿಗೆ ಐದಾರು ಹೋಗುತ್ತವೆ, ಅಷ್ಟೇ.

ಮುಂದಿನ ರವಿವಾರ ಬೆಳಿಗ್ಗೆ ಹತ್ತಕ್ಕೆ ಷೆಡ್ಡು ತೆರೆದಿರುತ್ತದೆ. ಕಲಿಯುವವರು ಮೂರಿಂಚು ಚೌಕದ, ಗೇಣುದ್ದದ ತುಂಡೊಂದನ್ನು ತರಬೇಕು. ಅಂದೇ ಭರಣಿ ಒಯ್ಯುವ ಆಸೆ ಬೇಡ, ಅಂದು ತೂಕ ಮಾತ್ರ.

ಈ ಏಳನೆಯದು, ಹಳದಿ ಅಂಚಿನದು, ಅವ್ವನ ಎರಡನೆಯ ಭರಣಿ. ಒಡಲೂ ಮುಚ್ಚಳವೂ ಮಾವಿನದೇ. ಎರಡು ಮಳೆಗಾಲ ದಾಟಿದೆ. ಸಭೆಗೆ ತೋರಿಸಿ ತರುತ್ತೇವೆಂದು ಬೇಡಿ ತಂದಿದ್ದೇವೆ. ಒಳಗೆ ಕುಂಕುಮವಿದೆ. ತಾಯಂದಿರು ಮುಂದೆ ಬಂದು ಮುಚ್ಚಳ ತೆಗೆದು ನೋಡಬಹುದು. ಕತ್ತಲಾಗುವ ಮೊದಲು ಅವ್ವನಿಗೆ ಹಿಂದಿರುಗಿಸಬೇಕು.