ಕಾದ ಎಂಜಿನ್ನಿನ ಹಠ

ಮಾಘದ ಚಳಿಯಲ್ಲಿ ಕಾರು ಹೊರಡಲು ತಡಮಾಡಿದರೆ ಯಾರಿಗೂ ಆಶ್ಚರ್ಯವಾಗದು. ನಿರಾತಂಕವಾಗಿ ಓಡಿ ಬಂದ ಕಾರು, ಯಜಮಾನರು ಕಾಫಿ ಮುಗಿಸಿ ಬರುವಷ್ಟರಲ್ಲಿ ಮುನಿಸಿಕೊಂಡು ಕುಳಿತರೆ ಅದು ಒಗಟೇ ಸರಿ. ಚಾರ್ಮಾಡಿ ಘಾಟಿ ಹತ್ತಿ ಕೊಟ್ಟಿಗೆಹಾರದಲ್ಲಿ ದಣಿವಾರಿಸಿಕೊಳ್ಳುವ ಹಳೆಯ ಅಂಬಾಸಿಡರ್ ಈ ಒಗಟನ್ನು ಒಡ್ಡಬಲ್ಲುದು. ಆ ಕಾರಿನ ತಯಾರಿಕೆ 2014ರಲ್ಲಿ ನಿಂತಿತು; ಆದರೆ ಕಾರ್ಬ್ಯುರೇಟರಿನ ಕಾರುಗಳನ್ನು ಅಕ್ಕರೆಯಿಂದ ಸಾಕಿಕೊಂಡು ಬಂದವರು ಈಗಲೂ ಇದ್ದಾರೆ. ನನ್ನ ಮಾತು ಮುಖ್ಯವಾಗಿ ಅವರನ್ನು ಕುರಿತದ್ದು.

ನೀರಿಗಿರುವಂತೆ ಪೆಟ್ರೋಲಿಗೆ ಒಂದೇ ಕುದಿಬಿಂದುವಿಲ್ಲ. ಅದು ಹಲವು ಹೈಡ್ರೊಕಾರ್ಬನ್ನುಗಳ ಅವಿಭಕ್ತ ಕುಟುಂಬ. ಹಗುರವಾದ ಅಂಶಗಳು ಸುಮಾರು 40 ಡಿಗ್ರಿ ಸೆಲ್ಸಿಯಸ್ಸಿಗೇ ಆವಿಯಾಗತೊಡಗುತ್ತವೆ. ಭಾರವಾದವು 200ರ ಸಮೀಪದವರೆಗೂ ತಾಳಿಕೊಳ್ಳುತ್ತವೆ. ಕಾರು ಓಡುವಾಗ ಫ್ಯಾನಿನ ಗಾಳಿ, ಸುತ್ತುವ ನೀರು, ಟ್ಯಾಂಕಿನಿಂದ ಬರುವ ತಂಪಾದ ಪೆಟ್ರೋಲು, ಈ ಮೂರೂ ಸೇರಿ ಶಾಖವನ್ನು ಹದ್ದಿನಲ್ಲಿಟ್ಟಿರುತ್ತವೆ. ಕೀಲಿ ತಿರುಗಿಸಿದೊಡನೆ ಮೂರೂ ಒಮ್ಮೆಲೇ ನಿಲ್ಲುತ್ತವೆ. ಎರಕದ ಕಬ್ಬಿಣದಲ್ಲಿ ಸೇರಿಕೊಂಡ ಶಾಖ ಮಾತ್ರ ಮೇಲೇರುತ್ತಲೇ ಇರುತ್ತದೆ. ಆದ್ದರಿಂದ ಕಾರ್ಬ್ಯುರೇಟರು ಓಡುವಾಗಿಗಿಂತ, ನಿಂತ ಮೇಲಿನ ಕಾಲು ಗಂಟೆಯಲ್ಲಿಯೇ ಹೆಚ್ಚು ಕಾಯುತ್ತದೆ. 1489 ಸಿ.ಸಿ. ಎಂಜಿನ್ನಿನ ಅಂಬಾಸಿಡರಿನಲ್ಲಂತೂ ಕಾರ್ಬ್ಯುರೇಟರೂ ಹೊಗೆಯ ಮ್ಯಾನಿಫೋಲ್ಡೂ ಒಂದೇ ಮಗ್ಗುಲಿಗಿವೆ: ಒಲೆಯ ಮೇಲೆ ಹಾಲಿಟ್ಟಂತೆ. ಎತ್ತರದ ಊರಿನಲ್ಲಿ ಗಾಳಿಯ ಒತ್ತಡ ಕಡಮೆಯಾಗಿ ಕುದಿತ ಇನ್ನಷ್ಟು ಬೇಗ.

ಇಲ್ಲಿಂದ ಮುಂದೆ ರೋಗ ಎರಡು ಕವಲಾಗುತ್ತದೆ. ಪೆಟ್ರೋಲು ಪಂಪಿನಲ್ಲಿಯೋ ಕೊಳವೆಯಲ್ಲಿಯೋ ಆವಿಯಾದರೆ, ದ್ರವವನ್ನು ತಳ್ಳಲೆಂದು ಮಾಡಿದ ಪಂಪು ಆವಿಯನ್ನು ಅಮುಕುತ್ತದೆ, ಬಿಡುತ್ತದೆ; ಇಂಧನ ಮುಂದೆ ಸಾಗುವುದಿಲ್ಲ. ಕಾರ್ಬ್ಯುರೇಟರಿನ ಬಟ್ಟಲಿನಲ್ಲಿಯೇ ಕುದಿದರೆ ಪೆಟ್ರೋಲು ಉಕ್ಕಿ ಎಂಜಿನ್ನಿನ ಉಸಿರುದಾರಿಗೆ ಸುರಿಯುತ್ತದೆ. ಹೊರಗೆ ಕಾಣುವ ಲಕ್ಷಣ ಒಂದೇ: ಸ್ಟಾರ್ಟರು ತಿರುಗುತ್ತದೆ, ಎಂಜಿನ್ ಹತ್ತುವುದಿಲ್ಲ. ಒಳಗೆ ಮಾತ್ರ ಒಂದು ಉಪವಾಸ, ಇನ್ನೊಂದು ಅಜೀರ್ಣ. ಒಂದರ ಔಷಧ ಇನ್ನೊಂದಕ್ಕೆ ವಿಷ.

ವೈದ್ಯರು ರೋಗಮೂಲವನ್ನು ಗುರುತಿಸುವುದಕ್ಕೆ ‘ನಿದಾನ’ವೆನ್ನುತ್ತಾರೆ, ತಾಳ್ಮೆಯಿಂದ ಮಾಡುವುದಕ್ಕೆ ನಾವು ‘ನಿಧಾನ’ವೆನ್ನುತ್ತೇವೆ. ಒಂದು ಮಹಾಪ್ರಾಣದ ಅಂತರ. ಬಿಸಿಲಿನಲ್ಲಿ ನಿಂತ ಚಾಲಕನಿಗೆ ಎರಡೂ ಬೇಕು; ಅವನು ಸಾಮಾನ್ಯವಾಗಿ ಎರಡನ್ನೂ ಬಿಟ್ಟು ಆಕ್ಸಿಲರೇಟರನ್ನು ಪದೇಪದೇ ತುಳಿಯುತ್ತಾನೆ, ಬ್ಯಾಟರಿ ಸಾಯುವವರೆಗೆ.

ಮೊದಲು ಮೂಗನ್ನು ನಂಬಬೇಕು. ಬಾನೆಟ್ ಎತ್ತಿದೊಡನೆ ಪೆಟ್ರೋಲಿನ ಗಾಢವಾದ ವಾಸನೆ ಹೊಡೆದರೆ ಅಜೀರ್ಣದ ಶಂಕೆ. ಆಗ ಬೀಡಿ, ಬೆಂಕಿಕಡ್ಡಿ ಹತ್ತಿರ ಸುಳಿಯಕೂಡದು. ಎರಡನೆಯದು ಕಣ್ಣು. ಏರ್ ಕ್ಲೀನರನ್ನು ತೆಗೆದು, ಕೈಯಿಂದ ಥ್ರಾಟಲ್ ತೆರೆದು ಕಾರ್ಬ್ಯುರೇಟರಿನ ಕಂಠವನ್ನು ನೋಡಬೇಕು. ಸಣ್ಣ ಧಾರೆ ಚಿಮ್ಮಿದರೆ ಬಟ್ಟಲಿನಲ್ಲಿ ಇಂಧನವುಂಟು. ಬಳಿಕ ಒಂದು ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿದರೆ ಅದೇ ಸಾಕ್ಷಿ ನುಡಿಯುತ್ತದೆ: ಒಣಗಿದ್ದರೆ ಉಪವಾಸ, ಒದ್ದೆಯಾಗಿದ್ದರೆ ಅಜೀರ್ಣ. ಒದ್ದೆಯಾಗಿದ್ದೂ ಕಿಡಿಯೇ ಇಲ್ಲವೆಂದಾದರೆ ಪೆಟ್ರೋಲನ್ನು ದೂರುವುದು ಅನ್ಯಾಯ. ಕಾದಾಗ ಮಾತ್ರ ಕೈಕೊಡುವ ಇಗ್ನಿಷನ್ ಕಾಯಿಲುಗಳಿವೆ.

ಉಪವಾಸಕ್ಕೆ ಬಾನೆಟ್ ತೆರೆದಿಟ್ಟು, ಪಂಪು ಮತ್ತು ಕೊಳವೆಯ ಮೇಲೆ ಒದ್ದೆಬಟ್ಟೆ ಹೊದಿಸಿದರೆ ಸಾಕು. ಕಾದ ಮ್ಯಾನಿಫೋಲ್ಡಿಗೆ ತಣ್ಣೀರು ತಾಗಬಾರದು, ಕಬ್ಬಿಣ ಸೀಳುತ್ತದೆ. ಅಜೀರ್ಣಕ್ಕೆ ಆಕ್ಸಿಲರೇಟರನ್ನು ಒಮ್ಮೆ ಪೂರ್ತಿ ಒತ್ತಿ, ಬಿಡದೆ ಹಿಡಿದು ಸ್ಟಾರ್ಟರ್ ತಿರುಗಿಸಬೇಕು. ಹೆಚ್ಚಿನ ಗಾಳಿ ನುಗ್ಗಿ ಒಳಗಿನದು ಒಣಗುತ್ತದೆ. ಪ್ರತಿಯೊಂದು ತುಳಿತವೂ ಒಂದು ಸೌಟು ಹೆಚ್ಚು ಬಡಿಸಿದಂತೆ. ಚೋಕನ್ನು ಮುಟ್ಟಲೇಬಾರದು. ಅಮೆರಿಕದಲ್ಲಿ ಕೊಳವೆಗೆ ಮರದ ಬಟ್ಟೆಕ್ಲಿಪ್ಪು ಸಿಕ್ಕಿಸುವ ರೂಢಿಯಿತ್ತು. ಅದರಿಂದ ಕಾರಿಗಿಂತ ಮಾಲೀಕನಿಗೇ ಹೆಚ್ಚು ಸಮಾಧಾನವಾಗಿರಬೇಕು. ಕೊಳವೆಯನ್ನು ಹೊಗೆಯ ದಾರಿಯಿಂದ ದೂರ ಸರಿಸುವುದು, ಕಾರ್ಬ್ಯುರೇಟರಿನ ಅಡಿಗೆ ಶಾಖ ತಡೆಯುವ ದಪ್ಪ ಪ್ಯಾಕಿಂಗ್ ಹಾಕಿಸುವುದು, ಫ್ಲೋಟಿನ ಮಟ್ಟವನ್ನು ನೋಡಿಸುವುದು ಶಾಶ್ವತ ಪರಿಹಾರಗಳು.

ಇಂದಿನ ಇಂಜೆಕ್ಷನ್ ಕಾರುಗಳಲ್ಲಿ ಪಂಪು ಟ್ಯಾಂಕಿನೊಳಗೇ ಇದ್ದು, ಸಾಮಾನ್ಯವಾಗಿ ಪೆಟ್ರೋಲನ್ನು ವಾತಾವರಣದ ಮೂರುಪಟ್ಟಿನಷ್ಟು ಒತ್ತಡದಲ್ಲಿ ಕಳಿಸುತ್ತದೆ. ಒತ್ತಡದಲ್ಲಿರುವ ದ್ರವ ಸುಲಭಕ್ಕೆ ಕುದಿಯದು. ಅವೂ ಬಿಸಿಯಲ್ಲಿ ಹಠ ಹಿಡಿದರೆ, ಸ್ಟಾರ್ಟರ್ ತಿರುಗಿಸುವ ಮುನ್ನ ಎರಡು ಮೂರು ಬಾರಿ ಕೀಲಿಯನ್ನು ‘ಆನ್’ಗೆ ತಂದು ಬಿಟ್ಟು ನೋಡಬಹುದು. ಆಗ ಹತ್ತಿದರೆ, ನಿಂತ ಹೊತ್ತಿನಲ್ಲಿ ಒತ್ತಡ ಎಲ್ಲಿಯೋ ಸೋರುತ್ತಿದೆಯೆಂದು ಶಂಕಿಸಬೇಕು: ಪಂಪಿನ ಬಳಿಯ ಕವಾಟದಲ್ಲೋ, ತೊಟ್ಟಿಕ್ಕುವ ಇಂಜೆಕ್ಟರಿನಲ್ಲೋ. ಹೊಸ ಪಂಪಿಗೆ ಹಣ ತೆರುವ ಮೊದಲು ಗೇಜು ಹಚ್ಚಿ ಅಳೆದು ತೋರಿಸೆಂದು ಮೆಕ್ಯಾನಿಕ್ಕನನ್ನು ಕೇಳಲು ಸಂಕೋಚಪಡಬೇಕಾಗಿಲ್ಲ.